ರಣರಂಗದ ವರದಿಗಾರ

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳು ವಾಣಿಜ್ಯಕ್ಕೂ ವಿದ್ಯೆಗೂ ಹೆಸರಾಗಿರುವಂತೆ ಪತ್ರಿಕೆಗಳಿಗೂ ಹೆಸರಾಗಿವೆ. 1921ರಲ್ಲಿ ರಂಗನಾಥ ದಿವಾಕರರು ಧಾರವಾಡದಲ್ಲಿ ‘ಕರ್ಮವೀರ’ ವಾರಪತ್ರಿಕೆಯನ್ನು ಆರಂಭಿಸಿದರು. ಬೆಳಗಾವಿಯಲ್ಲಿ ಜನಿಸಿದ ‘ಸಂಯುಕ್ತ ಕರ್ನಾಟಕ’ವು 1930ರ ದಶಕದಲ್ಲಿ ಹುಬ್ಬಳ್ಳಿಗೆ ಬಂದು ನೆಲೆ ನಿಂತಿತು. 1954ರಲ್ಲಿ ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’ವೂ 1956ರಲ್ಲಿ ‘ಕಸ್ತೂರಿ’ ಮಾಸಪತ್ರಿಕೆಯೂ ಇದೇ ಹುಬ್ಬಳ್ಳಿಯಲ್ಲಿ ಬೆಳಕು ಕಂಡವು. ಇವುಗಳ ನಡುವೆ, 1950ರ ಜನವರಿಯಲ್ಲಿ, ಧಾರವಾಡದ ಆಕಾಶವಾಣಿ ಕೇಂದ್ರವು ಮಾತನಾಡತೊಡಗಿತು. ದೇಶದ ಗಡಿಗಳಿಂದ ಈ ನಾಡು ಬಹುದೂರದಲ್ಲಿದೆ. ಶತ್ರುವಿನ ಫಿರಂಗಿಯ ಸದ್ದು ಇಲ್ಲಿಗೆ ಕೇಳಿಸುವುದಿಲ್ಲ. ಆದುದರಿಂದ ಯುದ್ಧವೆಂಬುದು ಇಲ್ಲಿನ ಜನರಿಗೆ ಎಂದೂ ಕಣ್ಣಾರೆ ಕಂಡ ಸಂಗತಿಯಾಗದೆ, ಪರರ ಬಾಯಿಂದ ಕೇಳಿದ, ಪತ್ರಿಕೆಯಲ್ಲಿ ಓದಿದ ಸಂಗತಿಯಾಗಿಯೇ ಉಳಿದಿದೆ. ಹೇಳಿದವನು ಯಾರು, ಅವನು ಅದನ್ನು ತಾನೇ ಕಂಡನೇ ಅಥವಾ ಕಂಡವರು ಹೇಳಿಕೊಟ್ಟುದನ್ನು ಒಪ್ಪಿಸಿದನೇ ಎಂಬ ಪ್ರಶ್ನೆ ಇಂತಹ ಓದುಗರಿಗೆ ಬಹು ಮುಖ್ಯವಾದುದು.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮ ಭಾರತದ ವಿಮಾನ ನೆಲೆಗಳ ಮೇಲೆ ದಾಳಿ ಮಾಡಿದುವು. ಅಂದಿನಿಂದ ಎರಡು ವಾರಗಳ ಕಾಲ ಪತ್ರಿಕಾ ಕಚೇರಿಗಳಲ್ಲಿ ಟೆಲಿಪ್ರಿಂಟರ್ ಯಂತ್ರಗಳಿಗೆ ಬಿಡುವೇ ಇರಲಿಲ್ಲ. ವಾರ್ತೆಯೆಲ್ಲ ಬರುತ್ತಿದ್ದುದು ಇಂಗ್ಲಿಷಿನಲ್ಲಿ. ಅದನ್ನು ರಾತ್ರೋರಾತ್ರಿ ಕನ್ನಡಿಸಿ, ಮೊಳೆ ಜೋಡಿಸಿ, ಬೆಳಗಿನ ರೈಲಿಗೆ ಪತ್ರಿಕೆಯ ಕಟ್ಟುಗಳನ್ನು ಮುಟ್ಟಿಸಬೇಕು. ಈ ಕೆಲಸದ ಕಷ್ಟವು ವೇಗದ್ದಷ್ಟೇ ಅಲ್ಲ, ಮಾತಿನದೂ ಆಗಿತ್ತು. ಆಧುನಿಕ ಯುದ್ಧದ ಆಯುಧಗಳಿಗೆ ಹಳಗನ್ನಡದ ವೀರಕಾವ್ಯಗಳಲ್ಲಿ ಹೆಸರುಗಳು ದೊರೆಯುವುದಿಲ್ಲವಷ್ಟೆ. ನೀರಿನಡಿಯ ಹಡಗನ್ನು ‘ಜಲಾಂತರ್ಗಾಮಿ’ ಎಂದು ಕರೆದದ್ದೂ, ಎಸೆಯುವುದು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ‘ಕ್ಷಿಪಣಿ’ ಎಂಬ ಶಬ್ದ ರೂಢಿಗೆ ಬಂದದ್ದೂ, ಕೊಡೆ ಬಿಚ್ಚಿ ಆಕಾಶದಿಂದ ಇಳಿಯುವವನು ‘ಛತ್ರೀಸೈನಿಕ’ನಾದದ್ದೂ ಇಂತಹ ಅವಸರದ ರಾತ್ರಿಗಳ ಅಗತ್ಯದಿಂದಲೇ ಎಂದರೆ ತಪ್ಪಾಗದು. ಟ್ಯಾಂಕ್ ಮಾತ್ರ ಟ್ಯಾಂಕ್ ಆಗಿಯೇ ಉಳಿಯಿತು.

ಈ ಕೊನೆಯ ಶಬ್ದದ ಕಥೆ ಸ್ವಾರಸ್ಯವಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಉಕ್ಕಿನ ಕವಚವುಳ್ಳ ಹೊಸ ವಾಹನವೊಂದನ್ನು ಬ್ರಿಟಿಷರು ಗುಟ್ಟಾಗಿ ನಿರ್ಮಿಸುತ್ತಿದ್ದರು. ಅದರ ನಿಜ ಸ್ವರೂಪವು ಹೊರಗೆ ತಿಳಿಯಬಾರದೆಂದು, ನೀರು ತುಂಬುವ ತೊಟ್ಟಿಯನ್ನು ತಯಾರಿಸುತ್ತಿದ್ದೇವೆ ಎಂಬ ಸೋಗು ಹಾಕಿ ಅದಕ್ಕೆ ಟ್ಯಾಂಕ್ ಎಂದು ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣಭೂಮಿಯಲ್ಲಿ ಆ ತೊಟ್ಟಿಗಳು ಮೊದಲ ಬಾರಿಗೆ ತೆವಳುತ್ತ ಬಂದಾಗ ಜಗತ್ತಿಗೆ ನಿಜ ತಿಳಿಯಿತು. ಸುಳ್ಳು ಹೆಸರು ಮಾತ್ರ ಅಂಟಿಕೊಂಡಿತು. ‘ಫಿರಂಗಿ’ಯ ಹುಟ್ಟು ಇನ್ನೂ ಹಳೆಯದು. ಫ್ರಾಂಕರೆಂಬ ಯುರೋಪಿನ ಜನಾಂಗದ ಹೆಸರು ಪಾರಸಿ ಭಾಷೆಯ ಮೂಲಕ ಭಾರತಕ್ಕೆ ಬಂದು ಬಿಳಿಯರೆಲ್ಲರಿಗೂ ಸಲ್ಲುವ ಹೆಸರಾಗಿ, ಕೊನೆಗೆ ಅವರು ತಂದ ತೋಪಿಗೂ, ಪರಂಗಿ ಹಣ್ಣೆಂದು ಅವರು ತಂದ ಹಣ್ಣಿಗೂ ಅಂಟಿತು. ‘ಕಮಾಂಡೊ’ ಎಂಬುದು ದಕ್ಷಿಣ ಆಫ್ರಿಕದ ಬೋಯರ್ ರೈತರ ಕುದುರೆ ಪಡೆಗಳ ಹೆಸರು. ಅವರ ಮಿಂಚಿನ ದಾಳಿಗಳಿಂದ ಕಂಗೆಟ್ಟಿದ್ದ ಬ್ರಿಟಿಷರೇ 1940ರಲ್ಲಿ ತಮ್ಮ ಆಯ್ದ ಪಡೆಗಳಿಗೆ ಆ ಹೆಸರನ್ನಿಟ್ಟುಕೊಂಡರು. ‘ಕಸ್ತೂರಿ’ಯ ಸಂಪಾದಕರಾಗಿದ್ದ ಪಾ. ವೆಂ. ಆಚಾರ್ಯರು ‘ಪದಾರ್ಥ ಚಿಂತಾಮಣಿ’ ಎಂಬ ಅಂಕಣದಲ್ಲಿ ಶಬ್ದಗಳ ಕುಲಶೀಲಗಳನ್ನು ವಿಚಾರಿಸುತ್ತಿದ್ದರು. ಶಬ್ದವನ್ನು ಅದು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಿ ಪರೀಕ್ಷಿಸುವ ಆ ಅಭ್ಯಾಸವನ್ನೇ ಸುದ್ದಿಗೂ ಅನ್ವಯಿಸಿದರೆ ಅದು ಪತ್ರಿಕಾ ಧರ್ಮವಾಗುತ್ತದೆ.

ಯುದ್ಧದ ಸುದ್ದಿಯನ್ನು ಸೇನಾಪತಿಗಳ ಪತ್ರಗಳಿಂದ ಪಡೆಯುವ ಬದಲು, ಪತ್ರಿಕೆಯವರೇ ತಮ್ಮ ಮನುಷ್ಯನನ್ನು ರಣರಂಗಕ್ಕೆ ಕಳುಹಿಸಿ ಪಡೆಯುವ ಪದ್ಧತಿಯು 19ನೆಯ ಶತಮಾನದಲ್ಲಿ ಬಲಗೊಂಡಿತು. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೋದ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವಿಲಿಯಂ ಹೊವರ್ಡ್ ರಸೆಲ್‌ನು ವೀರರ ಪರಾಕ್ರಮವನ್ನು ವರ್ಣಿಸಿದಂತೆಯೇ, ಔಷಧವಿಲ್ಲದೆ, ಶುಶ್ರೂಷೆಯಿಲ್ಲದೆ ಸಾಯುತ್ತಿದ್ದ ಗಾಯಾಳುಗಳ ಸ್ಥಿತಿಯನ್ನೂ ಬರೆದನು. ಸೇನಾಧಿಕಾರಿಗಳು ಕೆರಳಿದರು. ಆದರೆ ಅದನ್ನೋದಿದ ಜನರ ಒತ್ತಾಯದಿಂದಲೇ ಫ್ಲಾರೆನ್ಸ್ ನೈಟಿಂಗೇಲ್ ತನ್ನ ದಾದಿಯರೊಡನೆ ಅಲ್ಲಿಗೆ ಹೋಗುವಂತಾಯಿತು. ಅಂದಿನಿಂದ ಸೇನೆಗೂ ಪತ್ರಿಕೆಗೂ ಇರುವ ನಂಟು ಒಂದು ಬಗೆಯ ಮುನಿಸಿನ ನಂಟು. ಒಂದನ್ನು ಬಿಟ್ಟು ಒಂದಿರಲಾರದು, ಒಂದರೊಡನೆ ಒಂದು ನೆಮ್ಮದಿಯಿಂದಲೂ ಇರಲಾರದು.

ಈ ಪರಂಪರೆಯಲ್ಲಿ ಬಹು ದೊಡ್ಡ ಹೆಸರೊಂದು ಕನ್ನಡ ನೆಲದಲ್ಲಿಯೇ ಹುಟ್ಟಿತೆಂಬುದನ್ನು ಬಲ್ಲವರು ವಿರಳ. ಧಾರವಾಡದಿಂದ ಎಪ್ಪತ್ತೈದು ಕಿಲೋಮೀಟರುಗಳಷ್ಟು ದೂರದ ಬೆಳಗಾವಿಯಲ್ಲಿ 1928ರಲ್ಲಿ, ಗೋವಾ ಮೂಲದ ಕ್ರೈಸ್ತ ಕುಟುಂಬದಲ್ಲಿ, ಅಂಥೋನಿ ಮಸ್ಕರೇನ್ಹಸ್ ಜನಿಸಿದರು. ಅವರು ಬೆಳೆದು ಬಾಳಿದ್ದು ಕರಾಚಿಯಲ್ಲಿ. ದೇಶ ವಿಭಜನೆಯಾದಾಗ ಆ ನಗರವು ಪಾಕಿಸ್ತಾನಕ್ಕೆ ಸೇರಿತು. ಹೀಗೆ ಬೆಳಗಾವಿಯ ಕೂಸು ಪಾಕಿಸ್ತಾನದ ಪ್ರಜೆಯಾಯಿತು. 1971ರಲ್ಲಿ ಅವರು ಕರಾಚಿಯ ‘ಮಾರ್ನಿಂಗ್ ನ್ಯೂಸ್’ ಪತ್ರಿಕೆಯ ಸಹಾಯಕ ಸಂಪಾದಕರು. ಲಂಡನ್ನಿನ ‘ಸಂಡೆ ಟೈಮ್ಸ್’ ಪತ್ರಿಕೆಗೂ ಆಗಾಗ ಸುದ್ದಿ ಕಳುಹಿಸುತ್ತಿದ್ದರು. ಪತ್ನಿ, ಐವರು ಮಕ್ಕಳು, ಗೆಳೆಯರ ಬಳಗ, ಅಧಿಕಾರಿಗಳ ಪರಿಚಯ — ಸುಖವಾಗಿ ಸಾಗಿದ್ದ ಬದುಕು ಅದು.

1970ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ ಅವಾಮಿ ಲೀಗ್ ಪಕ್ಷಕ್ಕೆ ಇಡೀ ದೇಶದಲ್ಲಿಯೇ ಬಹುಮತ ದೊರೆತಿತ್ತು. ಅಧಿಕಾರವನ್ನು ಬಿಟ್ಟುಕೊಡಲು ಸೇನಾ ಸರಕಾರಕ್ಕೆ ಮನಸ್ಸಾಗಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾ ನಗರದಲ್ಲಿ ಸೈನ್ಯವು ತನ್ನದೇ ಪ್ರಜೆಗಳ ಮೇಲೆ ನುಗ್ಗಿತು. ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಲಯಗಳ ಎದುರಿಗೆ ಟ್ಯಾಂಕುಗಳು ಬಂದು ನಿಂತವು. ವಿದೇಶೀ ವರದಿಗಾರರನ್ನೆಲ್ಲ ಹೋಟೆಲಿನಲ್ಲಿ ಕೂಡಿಹಾಕಿ, ಬಳಿಕ ದೇಶದಿಂದ ಹೊರಗಟ್ಟಲಾಯಿತು. ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಸೈಮನ್ ಡ್ರಿಂಗ್ ಎಂಬ ತರುಣನು ಹೋಟೆಲಿನಲ್ಲಿ ಅಡಗಿ ಉಳಿದು, ಊರನ್ನು ಸುತ್ತಿ ನೋಡಿ, ಮಾರ್ಚ್ 30ರಂದು ಮೊದಲ ವರದಿಯನ್ನು ಪ್ರಕಟಿಸಿದನು. ಅದಾದ ಮೇಲೆ ಪೂರ್ವ ಬಂಗಾಳದ ಮೇಲೆ ತೆರೆ ಬಿದ್ದಂತಾಯಿತು. ಗಡಿ ದಾಟಿ ಬರುತ್ತಿದ್ದ ನಿರಾಶ್ರಿತರ ಕಣ್ಣೀರಿನ ಕಥೆಗಳನ್ನು ಜಗತ್ತು ಅರ್ಧ ನಂಬಿತು, ಅರ್ಧ ನಂಬಲಿಲ್ಲ.

ಈ ಅಪನಂಬಿಕೆಯನ್ನೇ ಬಲಪಡಿಸಿಕೊಳ್ಳಬೇಕೆಂದು ಪಾಕಿಸ್ತಾನದ ಸೇನೆಯು ಏಪ್ರಿಲ್ ತಿಂಗಳಲ್ಲಿ ತನ್ನ ದೇಶದ ಎಂಟು ಮಂದಿ ಪತ್ರಕರ್ತರನ್ನು ಹತ್ತು ದಿನಗಳ ಪ್ರವಾಸಕ್ಕೆ ಪೂರ್ವ ಪಾಕಿಸ್ತಾನಕ್ಕೆ ಕರೆದೊಯ್ದಿತು. ಎಲ್ಲವೂ ಶಾಂತವಾಗಿದೆ, ಬಂಡಾಯಗಾರರನ್ನು ಅಡಗಿಸಲಾಗಿದೆ ಎಂದು ಅವರು ಬರೆಯಬೇಕೆಂಬುದು ಉದ್ದೇಶ. ಆ ಎಂಟು ಮಂದಿಯಲ್ಲಿ ಮಸ್ಕರೇನ್ಹಸ್ ಒಬ್ಬರು. ಅವರಿಗೆ ಕೋಮಿಲ್ಲಾದಲ್ಲಿದ್ದ ಸೇನಾ ವಿಭಾಗದ ಅಧಿಕಾರಿಗಳ ಜೊತೆಯಲ್ಲಿ ಇರುವ ಅವಕಾಶ ದೊರೆಯಿತು. ತಮ್ಮವನೇ ಎಂಬ ವಿಶ್ವಾಸದಿಂದ ಅಧಿಕಾರಿಗಳು ಅವರ ಎದುರಿಗೆ ಏನನ್ನೂ ಮುಚ್ಚಿಡಲಿಲ್ಲ. ಹಗಲಿನಲ್ಲಿ ಹಳ್ಳಿಗಳನ್ನು ಸುಡುವ, ಜನರನ್ನು ಹುಡುಕಿ ಹುಡುಕಿ ಕೊಲ್ಲುವ ಕಾರ್ಯವನ್ನು ಅವರು ಕಂಡರು; ರಾತ್ರಿ ಊಟದ ಮೇಜಿನ ಬಳಿ ಅಧಿಕಾರಿಗಳು ಆ ದಿನದ ಲೆಕ್ಕವನ್ನು ಹೇಳಿಕೊಳ್ಳುವುದನ್ನು ಕೇಳಿದರು. ಇದು ಕೆಲವು ಸೈನಿಕರು ಹದ್ದು ಮೀರಿ ನಡೆಸಿದ ಅತ್ಯಾಚಾರವಲ್ಲ, ಮೇಲಿನಿಂದ ಬಂದ ಯೋಜನೆಯಂತೆ ಶಿಸ್ತಿನಿಂದ ನಡೆಯುತ್ತಿರುವ ಕೆಲಸ ಎಂಬುದು ಅವರಿಗೆ ಅಲ್ಲಿ ಮನವರಿಕೆಯಾಯಿತು.

ಹಿಂದಿರುಗಿದ ಮೇಲೆ ಏಳು ಮಂದಿ ಹೇಳಿಕೊಟ್ಟುದನ್ನು ಬರೆದರು. ಅವರನ್ನು ಹಳಿಯುವುದು ಸುಲಭ. ಆದರೆ ಅವರಿಗೂ ಮನೆಮಠಗಳಿದ್ದುವು, ಬರೆದ ಪ್ರತಿಯೊಂದು ಸಾಲೂ ಸೇನೆಯ ಪರಿಶೀಲಕರ ಕೈಗೆ ಹೋಗಿಯೇ ಅಚ್ಚಾಗಬೇಕಾಗಿತ್ತು. ಮಸ್ಕರೇನ್ಹಸರು ಬರೆಯಲಿಲ್ಲ. ತಾವು ಕಂಡುದನ್ನು ಬರೆಯಲಾಗದಿದ್ದರೆ ಮುಂದೆ ತಮ್ಮಿಂದ ಒಂದಕ್ಷರವನ್ನೂ ಬರೆಯಲಾಗದೆಂದು ಪತ್ನಿಗೆ ತಿಳಿಸಿದರು. ಪಾಕಿಸ್ತಾನದಲ್ಲಿದ್ದು ಅದನ್ನು ಬರೆದರೆ ಪ್ರಾಣ ಉಳಿಯುವಂತಿರಲಿಲ್ಲ. ಲಂಡನ್ನಿನಲ್ಲಿದ್ದ ಸೋದರಿಗೆ ಕಾಯಿಲೆಯೆಂಬ ನೆಪ ಹೇಳಿ ಅವರು ಅಲ್ಲಿಗೆ ಹೋದರು. ನೇರವಾಗಿ ‘ಸಂಡೆ ಟೈಮ್ಸ್’ ಕಚೇರಿಗೆ ನಡೆದು ಸಂಪಾದಕ ಹೆರಾಲ್ಡ್ ಇವಾನ್ಸರನ್ನು ಕಂಡರು. ಇವಾನ್ಸರು ಪ್ರಕಟಿಸಲು ಒಪ್ಪಿದರು. ಆದರೆ ಲೇಖನವು ಅಚ್ಚಾಗುವ ಮೊದಲು ಪತ್ನಿ ಮತ್ತು ಮಕ್ಕಳು ಕರಾಚಿಯಿಂದ ಹೊರಬೀಳಬೇಕಲ್ಲ!

ಅದಕ್ಕಾಗಿ ಒಂದು ಗುಪ್ತ ಸಂಕೇತವನ್ನು ಗೊತ್ತುಮಾಡಲಾಗಿತ್ತು. ಸೋದರಿಗೆ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂಬ ತಂತಿ ಬಂದರೆ, ಕುಟುಂಬವು ಲಂಡನ್ನಿಗೆ ಹೊರಡಲು ಸಿದ್ಧವಾಗಬೇಕು. ತಂತಿ ಬಂದಿತು. ಸಂಶಯಕ್ಕೆ ಎಡೆಯಾಗದಂತೆ ಮಸ್ಕರೇನ್ಹಸರು ತಾವೇ ಕರಾಚಿಗೆ ಮರಳಿದರು. ಪತ್ನಿ ಮತ್ತು ಮಕ್ಕಳು ತಲೆಗೊಂದು ಪೆಟ್ಟಿಗೆಯನ್ನು ಹಿಡಿದು, ಮನೆಯನ್ನೂ ಸಾಮಾನುಗಳನ್ನೂ ಇದ್ದಂತೆಯೇ ಬಿಟ್ಟು, ವಿಮಾನವೇರಿದರು. ಆದರೆ ಅಂದಿನ ನಿಯಮದಂತೆ ಪಾಕಿಸ್ತಾನದ ಪ್ರಜೆಯು ವರ್ಷಕ್ಕೊಮ್ಮೆ ಮಾತ್ರ ವಿದೇಶಕ್ಕೆ ಹಾರಬಹುದಾಗಿತ್ತು. ಮಸ್ಕರೇನ್ಹಸರ ಆ ಸರದಿ ಮುಗಿದಿತ್ತು. ಅವರು ನೆಲದ ದಾರಿ ಹಿಡಿದು, ಗಡಿ ದಾಟಿ ಆಫ್ಘಾನಿಸ್ತಾನವನ್ನು ಸೇರಿ, ಅಲ್ಲಿಂದ ಲಂಡನ್ನಿಗೆ ಹೋದರು. ಕುಟುಂಬವೆಲ್ಲ ಒಂದೆಡೆ ಕೂಡಿದ ಮರುದಿನ, 1971ರ ಜೂನ್ 13ರ ಭಾನುವಾರ, ‘ಸಂಡೆ ಟೈಮ್ಸ್’ ಪತ್ರಿಕೆಯಲ್ಲಿ ‘ಜನಾಂಗಹತ್ಯೆ’ ಎಂಬರ್ಥದ ಒಂದೇ ಶಬ್ದದ ತಲೆಬರಹದಡಿ ಅವರ ದೀರ್ಘ ವರದಿಯು ಅವರ ಹೆಸರಿನೊಡನೆಯೇ ಪ್ರಕಟವಾಯಿತು.

ಆ ವರದಿಯಲ್ಲಿ ಗಮನಿಸಬೇಕಾದ ಗುಣವೊಂದಿದೆ. ಸೇನೆಯ ಕ್ರೌರ್ಯವನ್ನು ಹೇಳುವಾಗ ಅವರು ಇನ್ನೊಂದು ಪಕ್ಷದ ತಪ್ಪನ್ನು ಮರೆಮಾಡಲಿಲ್ಲ. ಬಂಗಾಳಿ ಗುಂಪುಗಳು ಅದಕ್ಕೆ ಮೊದಲು ಬಿಹಾರಿ ಮುಸಲ್ಮಾನರನ್ನೂ ಇತರ ಬಂಗಾಳಿಯೇತರರನ್ನೂ ಕೊಂದ ಸಂಗತಿಯನ್ನು ಅವರು ಅದೇ ಲೇಖನದಲ್ಲಿ ಬರೆದರು. ಒಂದು ಪಕ್ಷದ ವಕೀಲನಾಗಿದ್ದರೆ ಆ ಭಾಗವನ್ನು ಬಿಟ್ಟುಬಿಡುತ್ತಿದ್ದರು. ಬಿಟ್ಟಿದ್ದರೆ ಉಳಿದ ಭಾಗವನ್ನು ಅಲ್ಲಗಳೆಯುವುದು ಸುಲಭವಾಗುತ್ತಿತ್ತು. ಮತ್ತೊಂದು ಗುಣವೆಂದರೆ ಅವರು ಕೇಳಿದ ಮಾತುಗಳನ್ನು ಆಡಿದವರ ಹೆಸರು, ಹುದ್ದೆ, ಸ್ಥಳಗಳೊಡನೆ ಕೊಟ್ಟದ್ದು. ಜಗತ್ತಿಗೆ ಅದುವರೆಗೆ ದೊರೆತಿದ್ದುದು ಓಡಿಬಂದವರ ಮಾತು. ಈಗ ದೊರೆತುದು ಕೊಂದವರ ಮಗ್ಗುಲಲ್ಲಿ ಕುಳಿತಿದ್ದವನ ಮಾತು. ಪಾಕಿಸ್ತಾನದಲ್ಲಿ ಅವರು ದ್ರೋಹಿಯೆನಿಸಿದರು, ಶತ್ರುವಿನ ಗೂಢಚಾರನೆಂಬ ಅಪವಾದ ಹೊತ್ತರು. ಅತ್ತ ಭಾರತದ ಪ್ರಧಾನಿ ಇಂದಿರಾ ಗಾಂಧಿಯವರು, ಆ ಲೇಖನವು ತಮ್ಮನ್ನು ಬಹಳವಾಗಿ ಕಲಕಿತೆಂದೂ, ಯುರೋಪಿನ ರಾಜಧಾನಿಗಳಲ್ಲಿ ಮತ್ತು ಮಾಸ್ಕೋದಲ್ಲಿ ಭಾರತದ ಪಕ್ಷವನ್ನು ಮಂಡಿಸಲು ತಮ್ಮನ್ನು ಪ್ರೇರಿಸಿತೆಂದೂ ಮುಂದೆ ಇವಾನ್ಸರಿಗೆ ತಿಳಿಸಿದರು. ಅಷ್ಟರಲ್ಲಿ ಒಂದು ಕೋಟಿಯಷ್ಟು ನಿರಾಶ್ರಿತರು ಭಾರತವನ್ನು ಸೇರಿದ್ದರು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಕರ್ನಾಟಕದಲ್ಲಿಯೂ ನೆಲೆಸಿವೆ; ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ ಬಂಗಾಳಿ ಮಾತನಾಡುವ ವಸತಿಗಳನ್ನು ಇಂದಿಗೂ ಕಾಣಬಹುದು.

ಅದೇ ವರ್ಷದ ಡಿಸೆಂಬರಿನ ಯುದ್ಧದಲ್ಲಿ ಬೆಳಗಾವಿಯ ಹೆಸರು ಮತ್ತೊಂದು ರೀತಿಯಲ್ಲಿ ಬರುತ್ತದೆ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವು 1922ರಿಂದಲೂ ಆ ನಗರದಲ್ಲಿದೆ. ಉತ್ತರ ಕರ್ನಾಟಕದ ಅನೇಕ ತರುಣರು ಅಲ್ಲಿಂದಲೇ ಸಿಪಾಯಿಗಳಾಗಿ ಹೊರಬಿದ್ದಿದ್ದಾರೆ. ಆ ದಳದ ಹಳೆಯ ಬೆಟಾಲಿಯನ್ ಒಂದು 1952ರಲ್ಲಿ ಛತ್ರೀದಳದ ಎರಡನೆಯ ಬೆಟಾಲಿಯನ್ ಆಯಿತು. ಡಿಸೆಂಬರ್ 11ರ ಸಂಜೆ ಆ ಬೆಟಾಲಿಯನ್ ಢಾಕಾದ ಉತ್ತರಕ್ಕಿರುವ ತಂಗಾಯಿಲ್ ಎಂಬಲ್ಲಿ ಆಕಾಶದಿಂದ ಇಳಿಯಿತು. ಡಕೋಟಾ, ಪ್ಯಾಕೆಟ್ ಮೊದಲಾದ ವಿಮಾನಗಳು ಯೋಧರನ್ನೂ, ಜೀಪುಗಳನ್ನೂ, ತೋಪುಗಳನ್ನೂ ಗದ್ದೆಗಳ ಮೇಲೆ ಉದುರಿಸಿದುವು. ಉತ್ತರದಿಂದ ಢಾಕಾದೆಡೆಗೆ ಹಿಂಜರಿಯುತ್ತಿದ್ದ ಪಾಕಿಸ್ತಾನದ ಬ್ರಿಗೇಡಿನ ದಾರಿಯನ್ನು ಕಡಿಯಲು ಪೂಂಗ್ಲಿ ಸೇತುವೆಯನ್ನು ಹಿಡಿಯುವುದು ಅವರ ಕೆಲಸ. ಲೆಫ್ಟಿನೆಂಟ್ ಕರ್ನಲ್ ಕುಲವಂತ ಸಿಂಗ್ ಪನ್ನು ಅವರ ನಾಯಕತ್ವದಲ್ಲಿ ಅವರು ಅದನ್ನು ಹಿಡಿದರು. ಬಳಿಕ ನೆಲದ ಮೇಲೆ ಹೋರಾಡುತ್ತ ಬಂದ ಮರಾಠಾ ದಳದ ಒಂದನೆಯ ಬೆಟಾಲಿಯನ್, ಜಂಗೀ ಪಲ್ಟನ್, ಅವರನ್ನು ಕೂಡಿಕೊಂಡಿತು.

ಇಳಿದವರು ಸಾವಿರಕ್ಕೆ ಮೀರದ ಮಂದಿ. ಆದರೆ ವಿದೇಶೀ ಪತ್ರಿಕೆಗಳಲ್ಲಿಯೂ ರೇಡಿಯೋದಲ್ಲಿಯೂ ಬಂದ ಸುದ್ದಿಯೇ ಬೇರೆ. ಐದು ಸಾವಿರ ಯೋಧರ ಇಡೀ ಬ್ರಿಗೇಡ್ ಇಳಿದಿದೆಯೆಂದು ಅವು ಸಾರಿದುವು. ಆಕಾಶದ ತುಂಬ ಕೊಡೆಗಳು ತೇಲುವ ಛಾಯಾಚಿತ್ರವೊಂದನ್ನು ಸೇನೆಯ ಸಾರ್ವಜನಿಕ ಸಂಪರ್ಕ ವಿಭಾಗವು ಪತ್ರಿಕೆಗಳಿಗೆ ಕೊಟ್ಟಿತ್ತು. ಅದು ಹಿಂದೆಂದೋ ನಡೆದ ತಾಲೀಮಿನ ಚಿತ್ರ. ಸುಳ್ಳು ಎಂದು ಹೇಳುವಂತಹ ಮಾತು ಅದರಡಿಯಲ್ಲಿ ಇರಲಿಲ್ಲ, ನಿಜವೂ ಇರಲಿಲ್ಲ. ಢಾಕಾದಲ್ಲಿದ್ದ ಪಾಕಿಸ್ತಾನದ ಸೇನಾಪತಿಗಳು ಆ ಸುದ್ದಿಯನ್ನು ಕೇಳಿ ಮತ್ತಷ್ಟು ಎದೆಗುಂದಿದರೆಂದು ಹೇಳುತ್ತಾರೆ. ಡಿಸೆಂಬರ್ 16ರಂದು 93,000 ಮಂದಿ ಶರಣಾದರು. ಯುದ್ಧವು ಬೇಗ ಮುಗಿದು ಎಷ್ಟೋ ಜೀವಗಳು ಉಳಿದುವೆಂದು ಈ ತಂತ್ರವನ್ನು ಮೆಚ್ಚುವವರುಂಟು. ಶತ್ರುವನ್ನು ಮೋಸಗೊಳಿಸುವುದು ಸೈನಿಕನಿಗೆ ಸಲ್ಲುವ ಕಲೆಯೇ ಸರಿ. ಆದರೆ ಚಿತ್ರವನ್ನು ಅಚ್ಚುಮಾಡಿದ ಸಂಪಾದಕನ ಪ್ರಶ್ನೆ ಬೇರೆ. ಎಂದು ತೆಗೆದುದು, ಎಲ್ಲಿ ತೆಗೆದುದು ಎಂಬ ಎರಡು ಪ್ರಶ್ನೆಗಳನ್ನು ಆತ ಕೇಳಲಿಲ್ಲ. ಸೇನೆಯ ಜಾಣ್ಮೆಯು ಪತ್ರಿಕೆಯ ಆಲಸ್ಯವನ್ನು ಆಧರಿಸಿ ನಿಂತಿತ್ತು. ಮಸ್ಕರೇನ್ಹಸರಿಗೂ ಸೇನೆಯೇ ಚಿತ್ರವನ್ನು ತೋರಿಸಿತ್ತು. ಅವರು ಆ ಚಿತ್ರದ ಹಿಂದೆ ಹೋಗಿ ನೋಡಿದ್ದರು.

ಆಯುಧಗಳ ವಿಷಯದಲ್ಲಿ ಪತ್ರಿಕೆಗಳಿಗೆ ಇನ್ನೊಂದು ಬಗೆಯ ಪರೀಕ್ಷೆ ಎದುರಾಗುತ್ತದೆ. 1986ರ ಮಾರ್ಚ್ ತಿಂಗಳಲ್ಲಿ ಭಾರತ ಸರಕಾರವು ಸ್ವೀಡನ್ ದೇಶದ ಬೋಫೋರ್ಸ್ ಸಂಸ್ಥೆಯಿಂದ 155 ಮಿಲಿಮೀಟರ್ ವ್ಯಾಸದ 410 ಫಿರಂಗಿಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಬೆಲೆ ಸುಮಾರು 1,437 ಕೋಟಿ ರೂಪಾಯಿ. ಒಪ್ಪಂದವನ್ನು ಪಡೆಯಲು ಲಂಚ ಕೊಡಲಾಗಿದೆಯೆಂದು 1987ರ ಏಪ್ರಿಲ್ 16ರಂದು ಸ್ವೀಡನ್ನಿನ ರೇಡಿಯೋ ಬಿತ್ತರಿಸಿತು. ಬಳಿಕ ‘ದಿ ಹಿಂದೂ’ ಪತ್ರಿಕೆಗಾಗಿ ಯುರೋಪಿನಲ್ಲಿದ್ದ ಚಿತ್ರಾ ಸುಬ್ರಹ್ಮಣ್ಯಂ ಅವರು ಬ್ಯಾಂಕಿನ ಪತ್ರಗಳನ್ನೂ ಒಪ್ಪಂದದ ಕಾಗದಗಳನ್ನೂ ಸಂಪಾದಿಸಿ ಪ್ರಕಟಿಸಿದರು. ಅವರಿಗೆ ಆ ಕಾಗದಗಳನ್ನು ಕೊಟ್ಟವರು ಸ್ವೀಡನ್ನಿನ ತನಿಖಾಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್ ಎಂಬುದು ಬಯಲಾದದ್ದು 2012ರಲ್ಲಿ. ಅದುವರೆಗೆ ಕಾಲು ಶತಮಾನ ಕಾಲ ಸುದ್ದಿಮೂಲದ ಹೆಸರನ್ನು ಕಾಪಾಡಲಾಗಿತ್ತು. ಇತ್ತ ಅದೇ ಫಿರಂಗಿಗಳು 1999ರ ಕಾರ್ಗಿಲ್ ಯುದ್ಧದಲ್ಲಿ ಹಿಮಶಿಖರಗಳ ಮೇಲಿದ್ದ ಶತ್ರುವಿನ ನೆಲೆಗಳನ್ನು ಪುಡಿಗೈದು, ಭಾರತದ ಪದಾತಿಗಳಿಗೆ ಮೇಲೇರುವ ದಾರಿ ಮಾಡಿಕೊಟ್ಟವು. ಫಿರಂಗಿ ಉತ್ತಮವಾದುದಾದ್ದರಿಂದ ವ್ಯವಹಾರವನ್ನು ಪ್ರಶ್ನಿಸಿದ್ದು ತಪ್ಪೆಂದು ಕೆಲವರು ಹೇಳಿದರು. ಇದು ಸರಿಯಾದ ತರ್ಕವಲ್ಲ. ಎತ್ತು ಚೆನ್ನಾಗಿ ಉಳುತ್ತದೆಯೆಂಬುದರಿಂದ ಸಂತೆಯ ದಲ್ಲಾಳಿಯ ಲೆಕ್ಕ ಸರಿಯಾಗಿತ್ತೆಂದು ಸಾಧಿಸಿದಂತಾಗುವುದಿಲ್ಲ. ವ್ಯವಹಾರದಲ್ಲಿ ದೋಷವಿತ್ತೆಂಬ ಕಾರಣಕ್ಕೆ ಫಿರಂಗಿಯೇ ಕೆಟ್ಟದೆಂದು ಬರೆದವರ ಮಾತೂ ಅಷ್ಟೇ ಪೊಳ್ಳಾಯಿತು.

ದೂರದರ್ಶನದ ಯುಗದಲ್ಲಿ ಸಮಸ್ಯೆಯು ತಿರುಗುಮುರುಗಾಯಿತು. 2008ರ ನವೆಂಬರ್ 26ರಂದು ಭಯೋತ್ಪಾದಕರು ಮುಂಬಯಿಯ ಮೇಲೆರಗಿದಾಗ ರಾಷ್ಟ್ರೀಯ ಭದ್ರತಾ ದಳದ ಕಮಾಂಡೊಗಳು ಅಲ್ಲಿಗೆ ಧಾವಿಸಿದರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನ ಕಾರ್ಯಾಚರಣೆಯಲ್ಲಿ ನವೆಂಬರ್ 28ರಂದು ವೀರಮರಣವನ್ನಪ್ಪಿದರು. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಅದೇ ದಿನ ಬೆಳಿಗ್ಗೆ ನಾರಿಮನ್ ಹೌಸ್ ಎಂಬ ಕಟ್ಟಡದ ಮಾಳಿಗೆಗೆ ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುತ್ತಿದ್ದ ಕಮಾಂಡೊಗಳನ್ನು ದೂರದರ್ಶನ ವಾಹಿನಿಗಳು ನಡೆಯುತ್ತಿದ್ದಂತೆಯೇ ಜಗತ್ತಿಗೆಲ್ಲ ತೋರಿಸಿದುವು. ಜಗತ್ತಿನಲ್ಲಿ ಭಯೋತ್ಪಾದಕರ ಯಜಮಾನರೂ ಸೇರಿದ್ದರು. ಅವರು ಪಾಕಿಸ್ತಾನದಲ್ಲಿ ಕುಳಿತು ಪರದೆಯನ್ನು ನೋಡುತ್ತ ಟೆಲಿಫೋನಿನಲ್ಲಿ ಅಪ್ಪಣೆ ಕೊಡುತ್ತಿದ್ದರು. 2012ರಲ್ಲಿ ಆ ಮೊಕದ್ದಮೆಯ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯವು ವಾಹಿನಿಗಳ ಈ ನಡತೆಯನ್ನು ಕಟುವಾಗಿ ಖಂಡಿಸಿತು. 2015ರಿಂದ ಭಯೋತ್ಪಾದಕರ ವಿರುದ್ಧ ಕಾರ್ಯಾಚರಣೆ ನಡೆಯುತ್ತಿರುವಾಗ ಅದನ್ನು ನೇರವಾಗಿ ಬಿತ್ತರಿಸುವುದು ನಿಷಿದ್ಧವಾಗಿದೆ. ಮಸ್ಕರೇನ್ಹಸರು ಬಚ್ಚಿಟ್ಟುದನ್ನು ಹೊರಗೆಳೆದರು. ಈ ವಾಹಿನಿಗಳು ಬಚ್ಚಿಡಬೇಕಾದುದನ್ನು ಹರಡಿದುವು. ಎರಡನ್ನೂ ಸ್ವಾತಂತ್ರ್ಯವೆಂಬ ಒಂದೇ ಹೆಸರಿನಿಂದ ಕರೆಯುವುದು ಉಚಿತವಲ್ಲ. ಮೊದಲನೆಯದರಲ್ಲಿ ಅಪಾಯವನ್ನು ಹೊತ್ತವನು ವರದಿಗಾರ; ಎರಡನೆಯದರಲ್ಲಿ ಹಗ್ಗಕ್ಕೆ ಜೋತುಬಿದ್ದಿದ್ದ ಯೋಧ.

ಧಾರವಾಡ ಜಿಲ್ಲೆಗೆ ಯುದ್ಧಭೂಮಿಯು ಹತ್ತಿರ ಬಂದುದು 2016ರಲ್ಲಿ. ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಮೇಲೆ, ಹತ್ತೊಂಬತ್ತು ಸಾವಿರ ಅಡಿಗೂ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರೂ ಇದ್ದರು. ಆರನೆಯ ದಿನ, ಹಿಮದ ಅಡಿಯಿಂದ ಅವರು ಜೀವಸಹಿತ ದೊರೆತಾಗ ಇಡೀ ದೇಶವೇ ಬೆರಗಾಯಿತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ತೀರಿಕೊಂಡರು. ಹುಬ್ಬಳ್ಳಿಯ ನೆಹರು ಮೈದಾನದಲ್ಲಿ ಸಾವಿರಾರು ಜನರು ಸಾಲುಗಟ್ಟಿ ಅಂತಿಮ ದರ್ಶನ ಪಡೆದರು. ಆ ದಿನಗಳಲ್ಲಿ ಪತ್ರಿಕೆಗಳ ಪುಟಗಳೆಲ್ಲ ಕಣ್ಣೀರಿನಿಂದ ತೊಯ್ದಿದ್ದುವು. ಅದು ಸಹಜವೇ ಆಗಿತ್ತು.

ಅಷ್ಟು ಪುಟಗಳನ್ನು ಪಡೆಯದ ಸುದ್ದಿಯೊಂದು ನಾಲ್ಕು ವರ್ಷಗಳ ಬಳಿಕ ಬಂದಿತು. 2020ರ ಫೆಬ್ರವರಿಯಲ್ಲಿ ಭಾರತದ ಮಹಾಲೇಖಪಾಲರ ವರದಿಯೊಂದು ಸಂಸತ್ತಿನಲ್ಲಿ ಮಂಡಿತವಾಯಿತು. ಸಿಯಾಚಿನ್ ಮೊದಲಾದ ಎತ್ತರದ ಪ್ರದೇಶಗಳಲ್ಲಿನ ಸೈನಿಕರಿಗೆ ಹಿಮದ ಉಡುಪು, ಹಿಮಕನ್ನಡಕ, ಬೂಟು ಮೊದಲಾದುವು ಸಕಾಲಕ್ಕೆ ದೊರೆಯದೆ ಕೊರತೆಯುಂಟಾಗಿತ್ತೆಂದೂ, ಹಳೆಯ ಬೂಟುಗಳನ್ನೇ ಸರಿಪಡಿಸಿ ತೊಡಬೇಕಾಯಿತೆಂದೂ ಅದು ತಿಳಿಸಿತು. ವರದಿಯು ಪರಿಶೀಲಿಸಿದ ಅವಧಿಯು 2015-16ರಿಂದ ಆರಂಭವಾಗುತ್ತದೆ. ಹನುಮಂತಪ್ಪನವರನ್ನು ಬಲಿತೆಗೆದುಕೊಂಡದ್ದು ಹಿಮಕುಸಿತ, ಉಡುಪಿನ ಕೊರತೆಯಲ್ಲ. ಅವೆರಡನ್ನೂ ಬೆಸೆದು ಬರೆಯುವುದು ಅನ್ಯಾಯವಾದೀತು. ಆದರೆ ಅದೇ ಹಿಮದ ಮೇಲೆ ಆಗ ಕಾವಲು ನಿಂತಿದ್ದ ಉಳಿದವರ ಕಾಲುಗಳಲ್ಲಿ ಯಾವ ಬೂಟುಗಳಿದ್ದುವು, ಹೊಸವು ಬರಲು ತಡವಾದುದೇಕೆ, ಕಡತವು ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂಬುದನ್ನು ಆ ವರದಿಯ ಒಣ ಅಂಕಿಗಳ ನಡುವಿನಿಂದ ಹೆಕ್ಕಿ, ಬೆಟದೂರಿನ ಓದುಗನಿಗೂ ತಿಳಿಯುವ ಕನ್ನಡದಲ್ಲಿ ಬರೆಯುವ ಕೆಲಸಕ್ಕೆ ಸಿಯಾಚಿನ್ನಿನವರೆಗೆ ಹೋಗಬೇಕಾಗಿರಲಿಲ್ಲ; ಹುಬ್ಬಳ್ಳಿಯ ಪತ್ರಿಕಾ ಕಚೇರಿಯ ಒಂದು ಮೇಜು ಸಾಕಾಗಿತ್ತು.